ಹಸು ಕುಡಿಯುವುದು 60 ಲೀಟರ್, ತಿನ್ನುವುದು 5,000 ಲೀಟರ್

ಓದುಗರ ಪ್ರಶ್ನೆ:

"ಗುಬ್ಬಿ ತಾಲ್ಲೂಕಿನಲ್ಲಿ ನನ್ನ ಗಂಡನ ಪಾಲಿಗೆ 2 ಎಕರೆ 10 ಗುಂಟೆ ಜಮೀನು ಬಂದಿದೆ. 38 ಹಳೇ ತೆಂಗಿನ ಮರಗಳಿವೆ, ಆರು ವರ್ಷದಿಂದ ಯಾರೂ ನೋಡಿಲ್ಲ. ಉಳಿದದ್ದು ಬೀಳು. ಕೆಂಪು ಮಣ್ಣು, ಪೂರ್ವಕ್ಕೆ ಇಳಿಜಾರು. 420 ಅಡಿಯ ಬೋರ್‌ವೆಲ್ ಇದೆ, 'ಎರಡು ಇಂಚು ನೀರಿದೆ' ಅಂತ ಭಾವ ಹೇಳುತ್ತಾರೆ. ಮಾರ್ಚ್ ಕೊನೆಗೆ ಬೆಂಗಳೂರು ಬಿಟ್ಟು ಹೊರಡುತ್ತಿದ್ದೇವೆ. ಇಬ್ಬರು ಮಕ್ಕಳು, 9 ಮತ್ತು 5 ವರ್ಷ. ಕೈಯಲ್ಲಿ 14 ಲಕ್ಷ ಇದೆ. ಗಂಡ ಮನೆಯಿಂದಲೇ ಕೆಲಸ ಮಾಡುತ್ತಾರೆ, ಆದರೆ ಬಿಡಬೇಕು ಅಂತಿದ್ದಾರೆ. ದೀಪಾವಳಿಯೊಳಗೆ ಚಿಕ್ಕ ಮನೆ, ಎರಡು ಹಸು, ನೂರು ನಾಟಿ ಕೋಳಿ, ಕೃಷಿ ಹೊಂಡ, ಒಂದು ಎಕರೆ ಅಡಿಕೆ, ಸುತ್ತ ಬೇಲಿ, ಇಷ್ಟು ಮಾಡುವ ಆಸೆ. ಅತ್ತೆ 'ಮೊದಲು ಹಸು ಕಟ್ಟಿ, ಉಳಿದದ್ದು ತಾನಾಗಿ ಆಗುತ್ತೆ' ಎನ್ನುತ್ತಾರೆ. ಪಕ್ಕದ ಹೊಲದವರು 'ಅಡಿಕೆ ಇಡಿ, ಬೇರೆ ಯಾವುದೂ ದಂಡ' ಎನ್ನುತ್ತಾರೆ. ಯಾವುದನ್ನು ಮೊದಲು ಮಾಡಬೇಕು? ಮೊದಲ ವರ್ಷವೇ ಎಡವಿದರೆ ಊರವರ ಮುಂದೆ ತಲೆ ಎತ್ತುವ ಹಾಗಿಲ್ಲ."

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಒಂದು, ದುಡ್ಡು ತಪ್ಪು ಜಾಗಕ್ಕೆ ಹೋದರೆ ಎಂಬುದು. ಇನ್ನೊಂದು, ಊರವರು ನಕ್ಕರೆ ಎಂಬುದು. ಎರಡನೆಯದಕ್ಕೆ ನನ್ನಲ್ಲಿ ಮದ್ದಿಲ್ಲ. ಅವರು ಹೇಗಿದ್ದರೂ ನಗುತ್ತಾರೆ, ಮೂರನೇ ವರ್ಷ ನಿಮ್ಮ ಹೊಲದ ಬದುವಿನ ಮೇಲೆ ಕೂತು ಸಲಹೆಯನ್ನೂ ಕೇಳುತ್ತಾರೆ. ಮೊದಲನೆಯದರ ಬಗ್ಗೆ ಮಾತಾಡೋಣ.

ನೀವು ಮಾರ್ಚ್ ಕೊನೆಗೆ ಹೋಗುತ್ತಿರುವುದು ಒಳ್ಳೆಯದಾಯಿತು. ತುಂಬಾ ಜನ ಮಳೆಗಾಲದಲ್ಲಿ ಹೋಗುತ್ತಾರೆ. ಶ್ರಾವಣದಲ್ಲಿ ನಮ್ಮ ತುಮಕೂರು ಸೀಮೆಯ ಯಾವ ಹೊಲ ನೋಡಿದರೂ ಮಲೆನಾಡಿನ ತಮ್ಮನ ಹಾಗೆ ಕಾಣುತ್ತದೆ. ಹುಲ್ಲು ಮೊಣಕಾಲುದ್ದ, ಬೋರಿನಲ್ಲಿ ನೀರು. ಆಗ ಮಾಡಿದ ಲೆಕ್ಕವೆಲ್ಲ ಮುಂದಿನ ಏಪ್ರಿಲ್‌ನಲ್ಲಿ ತಲೆಕೆಳಗಾಗುತ್ತದೆ. ನೀವು ಮೊದಲು ಬೇಸಿಗೆಯನ್ನೇ ನೋಡುತ್ತೀರಿ.

ಆ ಬೇಸಿಗೆಯಲ್ಲಿ ಮಾಡಬೇಕಾದ ಮೊದಲ ಕೆಲಸಕ್ಕೆ 200 ಲೀಟರಿನ ಒಂದು ಡ್ರಮ್ಮು, ಒಂದು ಮೊಬೈಲ್ ಸಾಕು. "ಎರಡು ಇಂಚು" ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಭಾವ ಸುಳ್ಳು ಹೇಳುತ್ತಿಲ್ಲ. ಆದರೆ ಆ ಅಳತೆ ಸಾಮಾನ್ಯವಾಗಿ ಬೋರು ಕೊರೆದ ದಿನದ್ದು, ಕಂಪ್ರೆಸರ್ ಗಾಳಿಗೆ ನೀರು ಎದ್ದಾಗ ಕಂಡದ್ದು. ಏಪ್ರಿಲ್ ಮೂರನೇ ವಾರ, ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಮೋಟರ್ ಹಾಕಿ. ಪೈಪಿನ ಬಾಯಿಗೆ ಡ್ರಮ್ಮು ಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಮೂರು ನಿಮಿಷವಾದರೆ ಗಂಟೆಗೆ 4,000 ಲೀಟರ್. ಅಲ್ಲಿಗೇ ಖುಷಿಪಟ್ಟು ಮನೆಗೆ ಹೋಗಬೇಡಿ. ಮೋಟರ್ ಓಡುತ್ತಲೇ ಇರಲಿ, ಅರ್ಧ ಗಂಟೆಗೊಮ್ಮೆ ಮತ್ತೆ ಅಳೆಯಿರಿ.

ಬಹಳ ಬೋರುಗಳಲ್ಲಿ ಆಗುವುದು ಇದು: ಮೊದಲ ಒಂದು ಗಂಟೆ ನೀರು ಗಟ್ಟಿಯಾಗಿ ಬೀಳುತ್ತದೆ. ಆಮೇಲೆ ಧಾರೆ ಸಣ್ಣದಾಗಿ ನಡುನಡುವೆ ಗಾಳಿ ಬರುತ್ತದೆ, ಪೈಪು ಕೆಮ್ಮಿದ ಹಾಗೆ ಸದ್ದು ಮಾಡುತ್ತದೆ. ಆ ಕೆಮ್ಮು ಕೇಳಿದ ತಕ್ಷಣ ಮೋಟರ್ ಆರಿಸಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಎರಡು ಗಂಟೆ ಬಿಟ್ಟು ಮತ್ತೆ ಹಾಕಿ. ಹೀಗೆ ಕರೆಂಟ್ ಇರುವಷ್ಟು ಹೊತ್ತಿನಲ್ಲಿ ಒಟ್ಟು ಎಷ್ಟು ಲೀಟರ್ ಬಂತು ಎಂಬುದೇ ನಿಮ್ಮ ಬೋರಿನ ನಿಜವಾದ ಅಳತೆ. ಮೂರು ದಿನ ಬಿಟ್ಟು ಬಿಟ್ಟು ಅಳೆದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಹೇಮಾವತಿ ನೀರು ನಿಮ್ಮ ಊರಿನ ಕೆರೆಗೆ ಬರುತ್ತದಾ ಎಂದೂ ವಿಚಾರಿಸಿ. ಕಡಬದ ಕೆರೆಯ ಹಾಗೆ ನಾಲೆ ನೀರು ಸೇರುವ ಕಡೆ ಸುತ್ತಲಿನ ಬೋರುಗಳ ಕಥೆಯೇ ಬೇರೆ.

ಈಗ ನಿಮ್ಮ ಪಟ್ಟಿಯನ್ನು ಲೀಟರಿಗೆ ತಿರುಗಿಸೋಣ. ಬೇಸಿಗೆಯಲ್ಲಿ ಒಂದು ತೆಂಗಿಗೆ ಡ್ರಿಪ್‌ನಲ್ಲಿ ದಿನಕ್ಕೆ 50 ಲೀಟರ್ ಅಂತಿಟ್ಟರೆ 38 ಮರಕ್ಕೆ 1,900. ಮನೆ ಬಳಕೆಗೆ 500. ಅಡಿಕೆಯನ್ನು 9 ಅಡಿ ಅಂತರದಲ್ಲಿ ಇಟ್ಟರೆ ಎಕರೆಗೆ 530 ಗಿಡದ ಮೇಲೆ ಕೂರುತ್ತದೆ. ಗಿಡ ದೊಡ್ಡದಾದ ಮೇಲೆ ತಲಾ 18 ಲೀಟರ್ ಹಿಡಿದರೂ ದಿನಕ್ಕೆ 9,500 ದಾಟುತ್ತದೆ. ಇನ್ನು ಹಸು. ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ದಿನಕ್ಕೆ 60 ಲೀಟರ್ ಕುಡಿಯುತ್ತದೆ. ಎಲ್ಲರೂ ಲೆಕ್ಕ ಹಾಕುವುದು ಇಷ್ಟೇ. ಆದರೆ ಅದು 25ರಿಂದ 30 ಕೆಜಿ ಹಸಿ ಮೇವು ತಿನ್ನಬೇಕು. ನನ್ನ ಅನುಭವದಲ್ಲಿ ನಮ್ಮ ಕೆಂಪು ಮಣ್ಣಿನಲ್ಲಿ ಅದಕ್ಕೆ 10 ಗುಂಟೆ ನೇಪಿಯರ್ ಹುಲ್ಲು ಬಿಡಬೇಕು. ಬೇಸಿಗೆಯಲ್ಲಿ ಆ 10 ಗುಂಟೆಗೆ ದಿನಕ್ಕೆ 5 ಮಿಲಿಮೀಟರ್ ನೀರೆಂದರೂ ಸುಮಾರು 5,000 ಲೀಟರ್. ಎರಡು ಹಸುವಿಗೆ 10,000. ಎಲ್ಲ ಕೂಡಿಸಿದರೆ ದಿನಕ್ಕೆ 22,000 ಲೀಟರ್ ಆಸುಪಾಸು. ನಿಮ್ಮ ಬೋರು ಏಪ್ರಿಲ್‌ನಲ್ಲಿ 25,000 ಕೊಟ್ಟರೆ ನನಗಿಂತ ಸಂತೋಷಪಡುವವರಿಲ್ಲ. 8,000 ಕೊಟ್ಟರೆ?

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಾಲಕ್ಕೆ ಅದು ನಿಜ. ಆಗ ಊರಿಗೆ ಗೋಮಾಳ ಇತ್ತು, ಹಸು ಹೊರಗೆ ಮೇದು ಬಂದು ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿತ್ತು. ಈಗ ಮೇವು ನಾವೇ ಬೆಳೆಯಬೇಕು ಅಥವಾ ಕೊಳ್ಳಬೇಕು. "ಹಸುವಿಲ್ಲದೆ ಗೊಬ್ಬರವಿಲ್ಲ" ಎಂಬುದೂ ಪೂರ್ತಿ ನಿಜವಲ್ಲ. ಎಕರೆಗೆ ಬೇಕಾಗುವ 200 ಲೀಟರ್ ಜೀವಾಮೃತಕ್ಕೆ (ಹುದುಗಿಸಿ ಮಾಡುವ ದ್ರವ ಗೊಬ್ಬರ) 10 ಕೆಜಿ ಸಗಣಿ, 10 ಲೀಟರ್ ಗಂಜಲ ಸಾಕು. ಅಷ್ಟನ್ನು ಪಕ್ಕದ ಮನೆಯವರು ಸುಮ್ನೆ ಕೊಡುತ್ತಾರೆ.

ಈ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ. ತೋಟಗಾರಿಕೆ ವಿಸ್ತರಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೊರಟಗೆರೆ ಕಡೆ ಊರಿಗೆ ಮರಳಿದ ಒಂದು ಕುಟುಂಬಕ್ಕೆ ನಾನೇ ಎರಡು ಹಸು ಕೊಳ್ಳಲು ಹೇಳಿದೆ. ತಂದದ್ದು ಆಗಸ್ಟಿನಲ್ಲಿ. ಸುತ್ತ ಹಸಿರು, ಡೇರಿಗೆ ದಿನವೂ ಹಾಲು. ಶಿವರಾತ್ರಿ ಹೊತ್ತಿಗೆ ಹುಲ್ಲು ಒಣಗಿತು, ಬೋರು ಕೆಮ್ಮತೊಡಗಿತು. ಯುಗಾದಿ ಆದ ಮೇಲೆ ಹೋದರೆ ಕೊಟ್ಟಿಗೆ ಖಾಲಿ. ಆ ಮನೆಯ ಯಜಮಾನಿ ಬೈಯಲಿಲ್ಲ. ಕಾಫಿ ಕೊಟ್ಟು, "ಹಾಲು ಮಾರಿ ಹುಲ್ಲು ತಂದ್ವಿ ಸಾರ್, ಆಮೇಲೆ ಹುಲ್ಲಿಗೋಸ್ಕರ ಹಸೂನೇ ಮಾರಿದ್ವಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಯಾವುದು ಮೊದಲು? ನನ್ನ ಮಟ್ಟಿಗೆ ಮೊದಲ ವರ್ಷಕ್ಕೆ ಎರಡೇ ಪ್ರಶ್ನೆ. ಬೇಗ ಶುರು ಮಾಡದಿದ್ದರೆ ಯಾವುದು ಒಂದು ವರ್ಷ ಹಿಂದೆ ಬೀಳುತ್ತದೆ? ಒಮ್ಮೆ ಮಾಡಿದರೆ ಯಾವುದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ? ಮೊದಲನೆಯ ಗುಂಪನ್ನು ಈ ಮಳೆಗಾಲದಲ್ಲೇ ಹಿಡಿಯಿರಿ. ಎರಡನೆಯದು ಒಂದು ಪೂರ್ತಿ ವರ್ಷ ಕಾಯಲಿ.

ಮೊದಲ ಗುಂಪಿನಲ್ಲಿ ಎಲ್ಲಕ್ಕಿಂತ ಮುಂದೆ ನಿಮ್ಮ ಹಳೇ ತೆಂಗು. ಹೊಸಬರಿಗೆ ಹಳೇ ಮರದ ಮೇಲೆ ಯಾಕೋ ಗೌರವ ಕಮ್ಮಿ, ಅದು ತನ್ನ ಪಾಡಿಗೆ ಇರುತ್ತದೆ ಅಂದುಕೊಳ್ಳುತ್ತಾರೆ. ಆದರೆ ನೀವು ಈ ವರ್ಷ ಕಾಣುವ ಹೊಂಬಾಳೆ ಎರಡು ವರ್ಷಕ್ಕೂ ಹಿಂದೆಯೇ ಸುಳಿಯೊಳಗೆ ಮೊಳೆತದ್ದು. ಅದು ಅರಳಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಅಂದರೆ ಈಗ ಹಾಕಿದ ಗೊಬ್ಬರ, ನೀರಿನ ಪೂರ್ತಿ ಫಲ ಸಿಗುವುದು ಮೂರನೇ ವರ್ಷ ಕಳೆದ ಮೇಲೆ. ಒಂದು ವರ್ಷ ತಡ ಮಾಡಿದರೆ ಆ ಫಲ ಒಂದು ವರ್ಷ ದೂರ ಹೋಯಿತು. ಹೊಸದಾಗಿ ಸಸಿ ಇಟ್ಟರೆ ನಾಟಿ ತೆಂಗು ಫಸಲಿಗೆ ಬರಲು ಆರೇಳು ವರ್ಷ. ನಿಮ್ಮ ಹತ್ತಿರ 38 ಮರ ಈಗಲೇ ನಿಂತಿವೆ, ಅಲ್ವಾ?

ಮಾಡುವುದು ಕಷ್ಟವಲ್ಲ. ಬುಡದಿಂದ ಆರು ಅಡಿ ದೂರಕ್ಕೆ ಪಾತಿ ಬಿಡಿಸಿ. ಬಿದ್ದ ಗರಿ, ಮಟ್ಟೆ, ಸಿಪ್ಪೆ ಯಾವುದನ್ನೂ ಸುಡಬೇಡಿ, ಪಾತಿಗೇ ಹೊದಿಸಿ. ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ ಕೊಡಿ. ಒಂದು ಬೆಳಗ್ಗೆ ಪೂರ್ತಿ ಮರಗಳಿಗೇ ಇಟ್ಟು, ಒಂದೊಂದರ ಬುಡವನ್ನೂ ಬಗ್ಗಿ ನೋಡಿ. ಕಾಂಡದಿಂದ ಕೆಂಗಂದು ಬಣ್ಣದ ಅಂಟು ಸೋರುತ್ತಿದ್ದರೆ ಅದು ಅಣಬೆ ರೋಗ ಇರಬಹುದು. ಅಂಥ ಮರದ ಪಾತಿಯ ನೀರು ಪಕ್ಕದ ಮರಕ್ಕೆ ಹರಿಯಬಾರದು. ಅದಕ್ಕೆ ತಜ್ಞರನ್ನು ಕರೆಸಿ. ನಿಮ್ಮ ಜಿಲ್ಲೆಯಲ್ಲಿ ಹಿರೇಹಳ್ಳಿ ಮತ್ತು ಕೊನೇಹಳ್ಳಿ ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ಪರಿಚಯ ಮಾಡಿಕೊಳ್ಳಿ.

ಎರಡನೆಯದು ಮಳೆ. ನಿಮ್ಮ ಕಡೆ ವರ್ಷಕ್ಕೆ 650 ಮಿಲಿಮೀಟರ್ ಅಂತ ಹಿಡಿಯಿರಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಬಿದ್ದರೆ 4,000 ಲೀಟರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಎರಡೂಕಾಲು ಎಕರೆಗೆ ವರ್ಷಕ್ಕೆ 59 ಲಕ್ಷ ಲೀಟರ್ ಆಕಾಶದಿಂದ ಬರುತ್ತದೆ. ಅದರಲ್ಲಿ ಎಷ್ಟು ಪೂರ್ವದ ಇಳಿಜಾರಲ್ಲಿ ಪಕ್ಕದವರ ಹೊಲಕ್ಕೆ ಓಡುತ್ತದೆ ಅನ್ನುವುದರ ಮೇಲೆ ನಿಮ್ಮ ಮುಂದಿನ ಹತ್ತು ವರ್ಷ ನಿಂತಿದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ನಿಮಗೆ ಗೊತ್ತಿರುತ್ತದೆ. ಆ ಮಳೆ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಬರುತ್ತದೆ. ಹದ ಸಿಕ್ಕಿದ ಕೂಡಲೇ ಇಳಿಜಾರಿಗೆ ಅಡ್ಡ ಉಳುಮೆ ಮಾಡಿಸಿ. ಟ್ರ್ಯಾಕ್ಟರಿನವರಿಗೆ ಮೇಲಿಂದ ಕೆಳಗೆ ಓಡಿಸುವುದು ಸಲೀಸು, ಹಾಗೇ ಮಾಡಿಬಿಡುತ್ತಾರೆ. ನೀವು ಅಲ್ಲೇ ನಿಂತು ಅಡ್ಡ ಹೊಡೆಸಿ. ಒಡೆದ ಬದು ಕಟ್ಟಿಸಿ.

ಆಮೇಲೆ ಮಳೆ ಜೋರಾಗಿ ಬರುವಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ನೀರು ಎಲ್ಲಿ ಸೇರಿ, ಎಲ್ಲಿ ಕಾಲುವೆಯಾಗಿ, ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ಎಂದು ಆ ಇಪ್ಪತ್ತು ನಿಮಿಷ ತೋರಿಸಿದ ಹಾಗೆ ಯಾವ ಸರ್ವೆಯೂ ತೋರಿಸುವುದಿಲ್ಲ. ಮಳೆ ನಿಂತ ಮೇಲೆ ಅಲ್ಲಲ್ಲಿ ಗೂಟ ಹೊಡೆಯಿರಿ. ಮರುದಿನ ಗುದ್ದಲಿಯಿಂದ ಒಂದೆರಡು ಕಡೆ ಅಗೆದು, ತೇವ ಎಷ್ಟು ಆಳ ಇಳಿದಿದೆ ನೋಡಿ. ಬೀಳು ಬಿಟ್ಟ ಕೆಂಪು ಮಣ್ಣಿನ ಮೇಲೆ ಹಪ್ಪಳ ಕಟ್ಟಿರುತ್ತದೆ. ಒಳ್ಳೆ ಮಳೆಯಾದರೂ ನಾಲ್ಕು ಬೆರಳು ಇಳಿದಿರುವುದಿಲ್ಲ.

ಕೃಷಿ ಹೊಂಡದ ಜಾಗ ಹೇಳುವುದು ಆ ಗೂಟಗಳೇ. ಅದಕ್ಕೇ ಹೊಂಡವನ್ನು ಈ ಏಪ್ರಿಲ್‌ನಲ್ಲಿ ತೋಡಿಸಬೇಡಿ, ಮುಂದಿನ ಫೆಬ್ರವರಿಗೆ ಇಡಿ. 12 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಇಳಿಜಾರು ಬದಿಯ ಹೊಂಡ ಒಮ್ಮೆ ತುಂಬಿದರೆ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ತಪ್ಪು ಮೂಲೆಯಲ್ಲಿದ್ದರೆ ಬರೀ ಗುಂಡಿ. ಕೃಷಿ ಭಾಗ್ಯದಂಥ ಯೋಜನೆಯ ಸಹಾಯಧನಕ್ಕೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕಾಗುತ್ತದೆ. ಅದನ್ನು ಈಗಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಡಿ. ಹೊಂಡಕ್ಕೆ ಟಾರ್ಪಾಲು ಹೊದಿಸಿದ ಮೇಲೆ ಅದು ಜಾರುಬಂಡೆ, ಬಿದ್ದರೆ ದೊಡ್ಡವರೂ ಹತ್ತಿ ಬರಲಾರರು. ಐದು ವರ್ಷದ ಮಗು ಇರುವ ಮನೆ ನಿಮ್ಮದು. ಸುತ್ತ ಬೇಲಿ ಹಾಕಿ, ಒಳಗೆ ಗಂಟು ಕಟ್ಟಿದ ಹಗ್ಗ ಇಳಿಬಿಡಲು ದುಡ್ಡು ಇಲ್ಲದಿದ್ದರೆ ಹೊಂಡವೇ ಬೇಡ. ಇದರಲ್ಲಿ ರಾಜಿ ಇಲ್ಲ.

ಬೀಳಿನಲ್ಲಿ ಏನು ಬಿತ್ತುವುದು? ಅರ್ಧಕ್ಕೆ ಮೇ ತಿಂಗಳಲ್ಲೇ ಹಸಿರೆಲೆ ಗೊಬ್ಬರದ ಅಪ್ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ, ಅಂದರೆ 45 ದಿನಕ್ಕೆ, ಮಣ್ಣಿಗೆ ಸೇರಿಸಿ. ಇನ್ನರ್ಧಕ್ಕೆ ಜುಲೈನಲ್ಲಿ ರಾಗಿ, ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಒಂದಿಷ್ಟು ಹುಚ್ಚೆಳ್ಳು. ಜಿಪಿಯು 28 ತಳಿ ನಮ್ಮ ಕಡೆ ಪಳಗಿದ ತಳಿ, ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಮೊದಲ ವರ್ಷ ಐದು ಚೀಲ ಬಂದರೆ ಹಬ್ಬ ಮಾಡಿ. ಆ ರಾಗಿಯನ್ನು ಮಾರಿ ದುಡ್ಡು ಮಾಡುವ ಯೋಚನೆ ಬೇಡ. ನಿಮ್ಮ ಕೈಗೆ ಕಳೆ, ಕೂಲಿ, ಕಣ, ಮಳೆ ಎಲ್ಲದರ ಪರಿಚಯ ಆಗಲಿ ಅಂತ ಇದು. ಕೊಯ್ಲಿನ ಕಾಲದಲ್ಲಿ ಬೇರೆಯವರ ಹೊಲಕ್ಕೆ ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ, ಹೋಗಿ. ಕುಡುಗೋಲು ಹಿಡಿಯಲು ಬರದಿದ್ದರೂ ಪರವಾಗಿಲ್ಲ, ಹೊರೆ ಹೊರಿ. ಕೂಲಿಯಾಳು ಸಿಗುವುದಿಲ್ಲ ಎಂದು ಗೋಳಾಡುವ ಹೊಸಬರಲ್ಲಿ ಹೀಗೆ ಹೋದವರು ನನಗೆ ಕಂಡಿಲ್ಲ.

ಬೇಲಿಯ ಬದಿಗೆ ಜೂನ್ ಮಳೆಯಲ್ಲಿ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಕಡ್ಡಿ ನೆಡಿ, ನಡುನಡುವೆ ಹೊಂಗೆ, ಬೇವು. ನಿಮ್ಮ ತಾಲ್ಲೂಕಿನ ಚೇಳೂರೇ ಸಿದ್ದು ಹಲಸಿನ ತವರು, ಮೂಲೆಗೆ ಅದರ ಕಸಿ ಗಿಡ ಎರಡು ಇರಲಿ. ಕೈತೋಟ ಒಂದು ಗುಂಟೆ ಸಾಕು, ಬಚ್ಚಲ ನೀರಿಗೆ ಬಾಳೆ, ಪಪ್ಪಾಯ.

ಇನ್ನು ವಾಪಸ್ ತೆಗೆದುಕೊಳ್ಳಲಾಗದ ಗುಂಪು. ಅದರಲ್ಲಿ ಅಡಿಕೆಯೂ ಸೇರಿದೆ. ಪಕ್ಕದವರಿಗೆ ಅಡಿಕೆಯಲ್ಲಿ ದುಡ್ಡು ಬಂದಿರಬಹುದು, ಅದು ಸುಳ್ಳಲ್ಲ. ಆದರೆ ಫಸಲಿಗೆ ಐದಾರು ವರ್ಷ ಬೇಕು. ಆ ಅವಧಿಯಲ್ಲಿ ಒಂದೇ ಒಂದು ಬೇಸಿಗೆ ಬೋರು ಕೈಕೊಟ್ಟರೂ ಹಾಕಿದ್ದೆಲ್ಲ ಹೋಯಿತು. ಆಗ ಜನ ಮಾಡುವುದು ಇನ್ನೊಂದು ಬೋರು, ಅದೂ ಬತ್ತಿದರೆ ಮತ್ತೊಂದು. ತೋಟ ಉಳಿಸಲು ಸಾಲ ಮಾಡಿದವರನ್ನು ಬಹಳ ನೋಡಿದ್ದೇನೆ. ಡ್ರಮ್ಮಿನ ಲೆಕ್ಕ ಎರಡು ಬೇಸಿಗೆ ಗಟ್ಟಿಯಾಗಿ ಬಂದರೆ, ಅರ್ಧ ಎಕರೆಯಿಂದ ಶುರು ಮಾಡಿ. ಹಸುವೂ ಅಷ್ಟೇ. ಮೊದಲು ಹುಲ್ಲು ಬೆಳೆದು, ಒಂದು ಬೇಸಿಗೆ ಅದು ಹಸಿರಾಗಿ ಉಳಿದರೆ ಒಂದೇ ಹಸು ತನ್ನಿ. ಅಲ್ಲಿಯವರೆಗೆ ಆ ಹುಲ್ಲನ್ನು ಪಕ್ಕದವರಿಗೆ ಕೊಟ್ಟು ಸಗಣಿ ತೆಗೆದುಕೊಳ್ಳಿ.

ಕೋಳಿ ಸಾಕಬಹುದು, ಆದರೆ ನೂರಲ್ಲ, ಹತ್ತು ಹನ್ನೆರಡು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಿದರೆ ಹತ್ತೂ ಒಂದೇ ವಾರದಲ್ಲಿ ಹೋಗುತ್ತವೆ. ರಾತ್ರಿ ಗಟ್ಟಿ ಗೂಡು ಬೇಕು. ನೀವು ಹೊಲದಲ್ಲೇ ಮಲಗದಿದ್ದರೆ ಕೋಳಿ ಮುಂಗುಸಿಗೆ, ನಾಯಿಗೆ. ಗುಬ್ಬಿ ಕಡೆ ಚಿರತೆಯೂ ಹೊಸದೇನಲ್ಲ.

ಮನೆಯನ್ನು ಈ ವರ್ಷ ಕಟ್ಟಬೇಡಿ. ಊರೊಳಗೆ ಬಾಡಿಗೆಗೆ ಇರಿ. ಗಾಳಿ ಯಾವ ಕಡೆಯಿಂದ ಬಡಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಪಾಯ ತೆಗೆಯಿರಿ. ಅದಕ್ಕೂ ಮುಂಚೆ ಕಾಗದ. "ಪಾಲಿಗೆ ಬಂದಿದೆ" ಎಂದು ಬರೆದಿದ್ದೀರಿ. ಪೌತಿ ಖಾತೆಯೋ (ತೀರಿಕೊಂಡವರ ಹೆಸರಿಂದ ವಾರಸುದಾರರಿಗೆ ಖಾತೆ ಬದಲಾವಣೆ) ವಿಭಾಗವೋ ಆಗಿ ಪಹಣಿ ಗಂಡನ ಹೆಸರಿಗೆ ಬಂದಿದೆಯಾ? ಪಾಲನ್ನು ಅಳೆದು ನಕ್ಷೆಯಲ್ಲಿ ಬೇರೆ ಮಾಡುವ ಪೋಡಿ ಆಗಿದೆಯಾ? ಗಂಡನಿಗೆ ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಬರಹದಲ್ಲಿದೆಯಾ? 2005ರ ಕಾನೂನು ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಪಾಲು ಗಂಡುಮಕ್ಕಳಷ್ಟೇ. ಬೋರ್‌ವೆಲ್ ಯಾರ ಪಾಲಿನ ನೆಲದಲ್ಲಿದೆ, ಮೀಟರಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ಎಂದು ನೋಡಿ. ಭಾವನ ಹೆಸರಲ್ಲಿದ್ದರೆ ಈಗಲೇ, ಎಲ್ಲರೂ ನಗುನಗುತ್ತಾ ಇರುವಾಗಲೇ, ಸರಿಪಡಿಸಿಕೊಳ್ಳಿ. ಸರ್ವೆಯವರಿಂದ ಗಡಿ ಗುರುತಿಸುವ ಹದ್ದುಬಸ್ತು ಮಾಡಿಸದೆ ಕಲ್ಲುಕಂಬ ನೆಡಬೇಡಿ.

ಕಾಯುವುದರಲ್ಲೂ ಅಪಾಯ ಇದೆ. ಕೆಲಸವಿಲ್ಲದೆ ಕೂತರೆ ಉತ್ಸಾಹ ಇಳಿಯುತ್ತದೆ, ಮಕ್ಕಳಿಗೆ ಬೇಜಾರಾಗುತ್ತದೆ, ಗಂಡ ಹೆಂಡತಿ ಮಧ್ಯೆ "ಯಾಕಾದರೂ ಬಂದೆವೋ" ಶುರುವಾಗುತ್ತದೆ. ಹೊಲವನ್ನು ಹಾಗೇ ಬಿಟ್ಟರೆ ಪಾರ್ಥೇನಿಯಂ ನಿಮಗೋಸ್ಕರ ಕಾಯುವುದಿಲ್ಲ. ಅದಕ್ಕೇ ತೆಂಗು, ಬದು, ರಾಗಿ ಎಂದೆ. ಇವು ದಿನವೂ ಕೈಗೆ ಕೆಲಸ ಕೊಡುತ್ತವೆ, ತಪ್ಪಾದರೂ ಹೋಗುವುದು ಕೆಲವು ಸಾವಿರ. 14 ಲಕ್ಷದಲ್ಲಿ ಈ ವರ್ಷ ನಾಲ್ಕು ಲಕ್ಷ ದಾಟಬೇಡಿ, ಮನೆ ಖರ್ಚು ಸಂಬಳದಿಂದ ನಡೆಯಲಿ. ಸಂಬಳದ ಕೆಲಸವನ್ನು ಎರಡನೇ ರಾಗಿ ಕೊಯ್ಲಿನ ತನಕ ಬಿಡಲೇಬೇಡಿ.

ಒಂದು ಮಾತು ಮಕ್ಕಳಿಗಾಗಿ. ಹಾವು ಕಚ್ಚಿದರೆ ಹೋಗಬೇಕಾದ, ಔಷಧ ಇರುವ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದು ಎಂದು ಹೋದ ಮೊದಲ ವಾರವೇ ಗೊತ್ತು ಮಾಡಿಕೊಳ್ಳಿ. ಕೊಳಕುಮಂಡಲ ಗರಿ ರಾಶಿಯೊಳಗೆ ಇರುತ್ತದೆ, ಪಾತಿಗೆ ಹೊದಿಸುವಾಗ ಬರಿಗೈ ಬೇಡ.

ಮಣ್ಣು ಪರೀಕ್ಷೆಗೂ ಏಪ್ರಿಲ್ ಸರಿಯಾದ ಕಾಲ. ಬೀಳಿನಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಗೋಡೆಯ ಮಣ್ಣನ್ನು ಮೇಲಿಂದ ಕೆಳಗೆ ಕೆರೆಯಿರಿ. ಬದು, ಮರದ ಬುಡ, ತಿಪ್ಪೆ ಜಾಗ ಬಿಡಿ. ಎಲ್ಲ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲುತ್ತಾ ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ. ತೆಂಗಿನ ಜಾಗದ್ದು ಬೇರೆ ಚೀಲ, ಬೀಳಿನದ್ದು ಬೇರೆ. ಚೀಟಿಯ ಮೇಲೆ ಸರ್ವೆ ನಂಬರನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಮಣ್ಣಿನ ತೇವಕ್ಕೆ ಅಳಿಸಿಹೋಗುತ್ತದೆ. ಆ ವರದಿ, ಕ್ಯಾಲೆಂಡರಿನ ಮೇಲಿನ ಲೀಟರ್ ಲೆಕ್ಕ, ಎರಡನ್ನೂ ಮೇ ತಿಂಗಳಲ್ಲಿ ಬರೆದು ಕಳಿಸಿ. ಅಡಿಕೆ ವಿಷಯ ಆಮೇಲೆ ಮಾತಾಡೋಣ.